ಕಪ್ಪು ಕಾಗದದ ಕಿಟಕಿ

ಅಕ್ಕಾ,
ನೀನು ಕೊಟ್ಟ ಎಣ್ಣೆಯಿಂದ ಬೆನ್ನುನೋವು ಇಳಿಯಿತು, ಸಿಟ್ಟು ಮಾತ್ರ ಏರಿದೆ. ನಾವು ಹೊರಗೆ ನೋಡುತ್ತ ಕೂರುತ್ತೇವೆಂದು ಮೇಸ್ತ್ರಿ ಹೊಲಿಗೆ ಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದಾನೆ. ಬಿಸಿಲು ಕಾಣದೆ ತಿಂಗಳಾಯಿತು. ಬೆಳಗ್ಗೆಯೇ ತೂಕಡಿಕೆ, ದಾರ ತುಂಡಾದರೂ ಜಗಳ. ನಿನ್ನೆ ನಾನು ಒಂದೇ ಅಂಗಿಗೆ ಎರಡು ಎಡತೋಳು ಕೂರಿಸಿದೆ. “ಸೋಮಾರಿಗಳಾ, ಸೂರ್ಯ ಬಂದು ಹೊಲೀತಾನಾ?” ಎಂದು ಬೈದ, ತಾನು ಬಾಗಿಲ ಬಿಸಿಲಲ್ಲಿ ಕೂತು.

ಇವತ್ತು ಕತ್ತರಿಯಿಂದ ಒಂದು ಕಿಟಕಿಯ ಕಾಗದ ಸೀಳಿಬಿಟ್ಟೆ. ಬಿಸಿಲು ಬಿದ್ದದ್ದೇ ತಡ, ನನ್ನೊಡನೆ ಮಾತುಬಿಟ್ಟಿದ್ದ ಪಕ್ಕದ ಮಿಷನ್ನಿನವಳು “ನಿಂಗೆ ಇಷ್ಟೊಂದು ಬಿಳಿಕೂದಲಾ?” ಎಂದು ನಕ್ಕಳು.

“ಹರಿದಿದ್ಯಾರು?” ಎಂದ ಮೇಸ್ತ್ರಿ.
“ಗಾಳಿ” ಎಂದರು ಎಲ್ಲರೂ.
“ಗಾಳಿಯಲ್ಲ, ನಾನು” ಎಂದೆ.
“ನಾಳೆಯಿಂದ ಬರ್ಬೇಡ” ಎಂದ.

ನಾಳೆ ಹೋಗಿಯೇ ಹೋಗುತ್ತೇನೆ. ಇನ್ನೂ ಐದು ಕಿಟಕಿ ಉಳಿದಿವೆ.

ಅವಸರದಲ್ಲಿ,
ನಿನ್ನ ತಂಗಿ