ಅತಿಥಿಕೋಣೆಯ ಮೆತ್ತೆ

ಅಝೆಮ್ಮೂರ್,
ಆಗಸ್ಟ್ 27

ಮುದ್ದಿನ ಹನಿಯಾ,

ಅಲ್ಲಾಹನು ನಿನ್ನನ್ನೂ ಅಳಿಯನನ್ನೂ ಚೆನ್ನಾಗಿಟ್ಟಿರಲಿ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ನೀನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಕುದುರೆ ಮಸೂದಾ ನಮ್ಮನ್ನು ಕೂರಲು ಬಿಡಲಿಲ್ಲ. ಪೂರ್ತಿ ಓದು, ನಡುವೆ ಅಳುತ್ತ ಕೂರಬೇಡ.

ಈ ಸಲದ ಹಬ್ಬದ ಕುದುರೆ ಸ್ಪರ್ಧೆಯಲ್ಲಿ ಸಾಲಾಗಿ ಓಡಿಬಂದ ನಮ್ಮ ಸವಾರರ ಬಂದೂಕುಗಳೆಲ್ಲ ಒಂದೇ ಸದ್ದಾಗಿ ಸಿಡಿದು ನಮ್ಮ ತಂಡವೇ ಗೆದ್ದಿತು. ಆಮೇಲೆ ಗೊತ್ತಲ್ಲ ನಮ್ಮ ಜನ, ಡೇರೆಯಿಂದ ಡೇರೆಗೆ ಕರೆದು ಮಸೂದಾಳಿಗೆ ಬಾರ್ಲಿ ತಿನ್ನಿಸಿದರು. ಗೆದ್ದ ಕುದುರೆ ಯಾರ ಡೇರೆಯ ಮುಂದೆಯೂ ಬರಿಬಾಯಲ್ಲಿ ಹಾದುಹೋಗುವಂತಿಲ್ಲ. ಬೇಡವೆಂದರೆ ಆ ಮನೆಯವರಿಗೆ ಅವಮಾನ, ಹಾಗಾಗಿ ನಿಮ್ಮಪ್ಪ ಸುಮ್ಮನೆ ನಗುತ್ತ ನಿಂತಿದ್ದರು. ಮನೆಗೆ ಬಂದ ಮರುದಿನ ಅವಳು ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತುಬಿಟ್ಟಳು. ಒಂದು ಹೆಜ್ಜೆ ಇಡಲೊಲ್ಲಳು. ಗೊರಸು ಮುಟ್ಟಿದರೆ ಒಲೆಯಿಂದ ಆಗತಾನೇ ಇಳಿಸಿದ ಚಹಾದ ಕೆಟಲಿನಷ್ಟು ಬಿಸಿ.

ಪಶುವೈದ್ಯೆ ನಜಾತ್ ಫೋನಿನಲ್ಲಿ ಹೇಳಿದಳು: "ಚಿಕ್ಕಮ್ಮ, ಬಾರ್ಲಿ ಅತಿಯಾಗಿ ಗೊರಸಿನೊಳಗೆ ಉರಿಯೂತ ಆಗಿದೆ. ನಾನು ಬರೋಕೆ ಸಂಜೆ ಆಗುತ್ತೆ. ಅವಳನ್ನ ನಡೆಸ್ಬೇಡಿ. ಕಾಲಿಗೆ ಮಂಜುಗಡ್ಡೆ ಇಡಿ, ಗೊರಸಿನ ಅಡಿಗೆ ದಪ್ಪ ಸ್ಪಂಜು ಕಟ್ಟಿ. ಒಳಗಿನ ಮೂಳೆ ನಿಂತಿರೋದು ನಮ್ಮ ಉಗುರಿನ ಕೆಳಗಿರುತ್ತಲ್ಲ, ಅಂಥ ಎಳೆ ಮಾಂಸದ ಹಿಡಿತದಲ್ಲಿ. ಅದು ಹರಿದ್ರೆ ಮೂಳೆ ಕೆಳಗಿಳಿಯುತ್ತೆ. ಆಮೇಲೆ ನಾನು ಬಂದು ಮಾಡೋದು ಒಂದೇ ಕೆಲಸ." ಯಾವ ಕೆಲಸವೆಂದು ನಾವು ಕೇಳಲಿಲ್ಲ.

ನೆಲ ನಡುಗಿಸುವ ಅಷ್ಟು ದೊಡ್ಡ ಜೀವ ಇಷ್ಟು ದಿನ ಓಡಿದ್ದು ಇಷ್ಟೇ ಇಷ್ಟು ಮಾಂಸವನ್ನು ನಂಬಿಕೊಂಡೇ? ನನ್ನ ಬೆರಳ ತುದಿಯನ್ನೇ ನೋಡುತ್ತ ನಿಂತೆ.

ಮೀನುಮಾರುಕಟ್ಟೆಯ ಮಂಜುಗಡ್ಡೆ ಹೊತ್ತು ತಂದ ನೆರೆಮನೆಯ ಅಲ್ಲಾಲ್ ನಿಮ್ಮಪ್ಪನ ಕಡೆ ತಿರುಗಿ, "ಬುಶುಐಬ್, ಸ್ಪಂಜು ತರೋಕೆ ಪೇಟೆಗೆ ಹೋದ್ರೆ ಬರೋ ಹೊತ್ತಿಗೆ ಕುದುರೆ ಮಲಗಿರುತ್ತೆ" ಎಂದ. ನಿಮ್ಮಪ್ಪ ಒಳಗೆ ಹೋಗಿ ಅತಿಥಿಕೋಣೆಯ ಸ್ಪಂಜಿನ ಮೆತ್ತೆ ಹೊತ್ತು ತಂದು ಚೂರಿ ಹಾಕಿದರು.

"ಲೋ, ಅದು ದೊಡ್ಡೋರು ಕೂರೋ ಮೆತ್ತೆ ಕಣೋ."

"ಇವಳೇ ದೊಡ್ಡೋಳು. ಕಾಲು ಹಿಡ್ಕೋ."

ಒಂದು ಕಾಲು ಎತ್ತಿದರೆ ಇನ್ನೊಂದಕ್ಕೆ ಭಾರ. ಅವಳು ಗಡಗಡ ನಡುಗಿದಳು. ಅಲ್ಲಾಲ್ ಹೆಗಲು ಕೊಟ್ಟ. ಕಟ್ಟಿದ ಸ್ಪಂಜು ತುಳಿದು ಚಪ್ಪಟೆಯಾದ ಮೇಲೆ, ನಜಾತ್ ಮತ್ತೆ ಫೋನಿನಲ್ಲಿ ಹೇಳಿದಂತೆ ಗೊರಸಿನ ತುದಿಯ ಕಡೆಯದನ್ನು ಕೊಯ್ದು ತೆಗೆದು, ಹಿಂದಿನ ಭಾಗದ ಕೆಳಗೆ ಇನ್ನೊಂದು ತುಂಡು ಸೇರಿಸಿ ಅಂಟುಪಟ್ಟಿ ಸುತ್ತಿದೆವು. ಸ್ವಲ್ಪ ಹೊತ್ತಿಗೆ ಮಸೂದಾ ಚಾಚಿದ್ದ ಕಾಲನ್ನು ಮೆಲ್ಲಗೆ ಹಿಂದಕ್ಕೆ ತಂದು ಮೈಯ ಕೆಳಗೆ ಇಟ್ಟಳು. ಭಾರ ಬಿಟ್ಟಳು. ಉದ್ದಕ್ಕೆ ಉಸಿರು ಬಿಟ್ಟಳು.

ಸಂಜೆ ನಜಾತ್ ಎಕ್ಸ್‌ರೇ ತೆಗೆದು, "ಮೂಳೆ ಜಾಗ ಬಿಟ್ಟಿಲ್ಲ" ಎಂದಳು. ಇನ್ನು ಬಹಳ ಕಾಲ ಓಡುವಂತಿಲ್ಲ, ಆದರೆ ಬದುಕಿದಳು.

ನಿನ್ನ ಕೈಕಾಲು ಗಟ್ಟಿಯಾಗಿರಲಿ, ನಿನ್ನ ಮನೆಯ ರೊಟ್ಟಿ ಬಿಸಿಯಾಗಿರಲಿ.

ನಿನ್ನ ತಾಯಿ,
ಮಹಜೂಬಾ

ತಾ.ಕ.: ಯಾವ ಮೆತ್ತೆ ಎಂದು ನಿನಗೆ ಹೇಳಲೇಬೇಕು. ನಿನ್ನ ಮದುವೆಗೆಂದು ಮಾಡಿಸಿದ್ದು. ನೀನು ನಮಗೆ ತಿಳಿಸದೆ ದೂರದ ಔಜ್ದಾದಲ್ಲಿ ಮದುವೆಯಾದ ಮೇಲೆ ಅದರ ಪ್ಲಾಸ್ಟಿಕ್ ಹೊದಿಕೆ ತೆಗೆಯಲು ನಿಮ್ಮಪ್ಪ ಯಾರಿಗೂ ಬಿಟ್ಟಿರಲಿಲ್ಲ. ನಿನ್ನ ಮಾತನ್ನೂ ಎತ್ತಗೊಡುತ್ತಿರಲಿಲ್ಲ. ಈಗ ಅತಿಥಿಕೋಣೆಯಲ್ಲಿ ಒಂದು ಗೋಡೆಯ ಬದಿ ಖಾಲಿ. ಹೊಸದು ಹಾಕಿಸೋಣ ಎಂದೆ ನಿನ್ನೆ. ಗೊರಸಿಗೆ ಪಟ್ಟಿ ಸುತ್ತುತ್ತಿದ್ದ ನಿಮ್ಮಪ್ಪ ತಲೆಯೆತ್ತದೆ, "ಬಟ್ಟೆ ಬಣ್ಣ ಅವಳೇ ಬಂದು ಆರಿಸ್ಲಿ" ಎಂದರು.