ಕೊರಳೆಲುಬಿನ ಹಿಂದೆ

ಮಾನ್ಯ ವಿಭಾಗ ಮುಖ್ಯಸ್ಥರೇ,

ಬೆಳಗಿನ ಸಂದರ್ಶನದಲ್ಲಿ ನೀವು ನನ್ನಿಂದ ಒಂದು ಎಕ್ಸ್‌ರೇಯನ್ನೂ ಓದಿಸಲಿಲ್ಲ. ನಾನು ತರಬೇತಿ ಪಡೆದ ಆಸ್ಪತ್ರೆಯ ಹೆಸರು ನೋಡಿ, "ಇದೆಲ್ಲಿದೆಯಮ್ಮಾ? ಕೇಳೇ ಇಲ್ವಲ್ಲ" ಎಂದು ಫೈಲು ಮುಚ್ಚಿದಿರಿ. ಒಂಬತ್ತು ಕಡೆ ಇದೇ ಮಾತು ಕೇಳಿ ಸಾಕಾಗಿದೆ.

ನೀವು ಕೇಳಿರದ ಆ ಆಸ್ಪತ್ರೆಯಲ್ಲಿ ನಮ್ಮ ಮೇಡಂ, "ಮೊದಲು ಕೊರಳೆಲುಬಿನ ಹಿಂದೆ ನೋಡೇ, ಕಳ್ಳ ಅಲ್ಲೇ ಅಡಗಿರ್ತಾನೆ" ಎಂದು ತಲೆಗೆ ಮೊಟಕಿ ಕಲಿಸಿದ್ದರು. ನಿಮ್ಮ ಬೆನ್ನ ಹಿಂದೆ ತೂಗುಹಾಕಿದ್ದ ಎದೆಯ ಎಕ್ಸ್‌ರೇಯಲ್ಲೂ ನನ್ನ ಕಣ್ಣು ಅಲ್ಲಿಗೇ ಹೋಯಿತು. ಶ್ವಾಸಕೋಶದಲ್ಲಿ ಬಟಾಣಿಯಷ್ಟು ಗಂಟಿದೆ. ಮೇಜಿನ ಮೇಲಿದ್ದ ಅದರ ವರದಿಯಲ್ಲಿ "ತೊಂದರೆಯಿಲ್ಲ" ಎಂದಿದೆ. ಕೆಳಗೆ ನಿಮ್ಮ ಸಹಿ, ನಿಮ್ಮ ದೊಡ್ಡ ಕಾಲೇಜಿನ ಹೆಸರು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರನ್ನು ಕರೆದಿರಿ.

ಕೆಲಸ ಕೊಡದಿದ್ದರೆ ಬಿಡಿ, ಆ ರೋಗಿಯನ್ನು ಇಂದೇ ಕರೆಸಿ. ಕಂಡುಹಿಡಿದವರು ಯಾರೆಂದು ಕೇಳಿದರೆ ನಿಮ್ಮ ಕಾಲೇಜಿನ ಹೆಸರನ್ನೇ ಹೇಳಿ. ಬೇಗ ಬರುತ್ತಾರೆ.

ಇಂತಿ,
ಬೆಳಗಿನ ನಾಲ್ಕನೇ ಅಭ್ಯರ್ಥಿ