ಉದ್ಘಾಟನೆಗೆ ಕಾದಿರುವ ಛತ್ರಿ, ತಂತಿಯಿಲ್ಲದ ಊರು

ಮಾನ್ಯ ನಿರ್ದೇಶಕರೇ,

ನೀವು ಹೇಳಿದ್ದು ಇಷ್ಟು. ಆಫ್ರಿಕಾದ ಹಳ್ಳಿಗಳಿಂದ ಬರುವ ಶಿಕ್ಷಕರಿಗೆ ಕೆಂಗೇರಿ ಉಪನಗರದ ನಿಮ್ಮ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತೇವೆ ಎಂದಿರಿ. ತಂತಿಯೇ ಬಾರದ ಊರಿಗೆ ಆಕಾಶದಿಂದ ಇಂಟರ್ನೆಟ್ ಇಳಿಸುವ ಡಿಶ್ಶನ್ನು ಅವರ ಕೈಯಿಂದಲೇ ಕೂರಿಸಿ ತೋರಿಸುತ್ತೇವೆ ಎಂದಿರಿ. ಉಳಿಯಲು ಹಾಸ್ಟೆಲ್ ಎಂದಿರಿ. ಸಂಜೆ ಹೊತ್ತು ಬಿನ್ನಿಪೇಟೆ, ಮಲ್ಲತ್ತಹಳ್ಳಿಯ ಮಕ್ಕಳಿಗೂ ಬಾಗಿಲು ತೆರೆದಿರುತ್ತದೆ ಎಂದಿರಿ. ಕೊಟ್ಟದ್ದು ಒಂದು ಚೀಲ, ಒಂದು ಟೋಪಿ, ಮೈಸೂರು ಅರಮನೆಯ ಪ್ರವಾಸ, ಪಾಠವೆಂದು ಗೋಡೆಯ ಮೇಲೆ ಓಡುವ ಚಿತ್ರಗಳು. ಕೊಡದೆ ಉಳಿಸಿಕೊಂಡದ್ದು ಮಿಕ್ಕಿದ್ದೆಲ್ಲ.

ಕಾರಣ ಕೇಳಿದರೆ ಒಂದೇ ಉತ್ತರ: ಉದ್ಘಾಟನೆ ಆಗಿಲ್ಲ.

ಶಿಕ್ಷಕರು ಜುಲೈನಲ್ಲಿ ಬಂದಿಳಿದಾಗ ಆಷಾಢ, ಶುಭಕಾರ್ಯ ಬೇಡವೆಂದಿರಿ. ಶ್ರಾವಣದಲ್ಲಿ ಮಂತ್ರಿಗಳಿಗೆ ಬಿಡುವಾಗಲಿಲ್ಲ. ಆಮೇಲೆ ಪಿತೃಪಕ್ಷ ಬಂತು. ಅದು ಮುಗಿಯುವಷ್ಟರಲ್ಲಿ ಸರ್ಕಾರವೇ ಬಿತ್ತು. ಈಗ ರಾಷ್ಟ್ರಪತಿ ಆಳ್ವಿಕೆ. ಟೇಪು ಕತ್ತರಿಸಲು ಈ ನಾಡಿನಲ್ಲಿ ಒಬ್ಬ ಮಂತ್ರಿಯೂ ಇಲ್ಲ. ಆದ್ದರಿಂದ ಕಟ್ಟಡಕ್ಕೆ ಬೀಗ, ಹಾಸ್ಟೆಲ್ಲಿಗೆ ಬೀಗ. ಪಾಠ ನಡೆಯುವುದು ಪಕ್ಕದ ಕಲ್ಯಾಣಮಂಟಪದ ಊಟದ ಹಾಲಿನಲ್ಲಿ, ಮದುವೆಯಿದ್ದ ದಿನ ರಜೆ. ಸ್ವಾಮಿ, ಕತ್ತರಿ ಹಿಡಿಯುವ ಕೈ ಯಾರದೆಂದು ತಿಳಿಯದೆ ಕಂಪ್ಯೂಟರಿನ ಗುಂಡಿ ಒತ್ತಬಾರದೆಂದು ಯಾವ ಶಾಸ್ತ್ರದಲ್ಲಿದೆ? ಯಾವ ಸರ್ಕಾರಿ ಆದೇಶದಲ್ಲಿದೆ? ಇದ್ದರೆ ಪ್ರತಿ ಕಳಿಸಿ, ಬಿನ್ನಿಪೇಟೆಯ ಗೋಡೆಗೋಡೆಗೆ ಅಂಟಿಸುತ್ತೇವೆ.

ಹಾಸ್ಟೆಲ್ಲಿಗೆ ಬೀಗವಿದ್ದ ಕಾರಣಕ್ಕೆ ಆ ಶಿಕ್ಷಕರಲ್ಲೊಬ್ಬರು ನಮ್ಮ ಮನೆಯ ಮಹಡಿಯ ಕೋಣೆಗೆ ಬಂದರು. ಹೆಸರು ಮುತಿಂತಾ. ಜಾಂಬಿಯಾ ದೇಶದ ದಕ್ಷಿಣದ ಒಂದು ಹಳ್ಳಿಯ ಶಾಲೆಯಲ್ಲಿ ಮೇಡಂ. ನನ್ನ ಹೆಂಡತಿ ನೀಲಗಂಗಮ್ಮ ಮೊದಲ ವಾರದಲ್ಲೇ ಅವರನ್ನು ಮುತ್ತಮ್ಮ ಮಾಡಿಬಿಟ್ಟಳು. ಅವರ ಶಾಲೆಗೆ ಯಾವುದೋ ದೇಶದ ದಾನಿಗಳು ಹಳೆಯ ಕಂಪ್ಯೂಟರುಗಳನ್ನೂ, ಅವನ್ನು ನಡೆಸಲು ಸೋಲಾರ್ ಫಲಕಗಳನ್ನೂ, ಒಂದು ಡಿಶ್ಶನ್ನೂ ಕಳಿಸಿದ್ದಾರೆ. ಪೆಟ್ಟಿಗೆಯಲ್ಲಿಯೇ ಇವೆ. ಜನವರಿಯಲ್ಲಿ ಶಾಲೆ ತೆರೆಯುವಾಗ ಅವನ್ನು ನಡೆಸಬಲ್ಲವರು ಒಬ್ಬರಾದರೂ ಇರಬೇಕು, ಇಲ್ಲವಾದರೆ ಎಲ್ಲವೂ ಪಟ್ಟಣದ ಶಾಲೆಗೆ ಹೋಗುತ್ತದೆ. ಅದಕ್ಕೆಂದೇ ಊರಿನವರು ಮುತಿಂತಾ ಅವರನ್ನು ಕಳಿಸಿದರು. ಅವರ ತರಗತಿಯನ್ನು ಇನ್ನೊಬ್ಬ ಮೇಷ್ಟ್ರು ತನ್ನ ತರಗತಿಯ ಜೊತೆ ಸೇರಿಸಿಕೊಂಡಿದ್ದಾರೆ. ಈ ತಿಂಗಳು ಅಲ್ಲಿ ಮೆಕ್ಕೆಜೋಳದ ಬಿತ್ತನೆ. ಅವರ ಹೊಲವನ್ನು ನೆರೆಯವರೇ ಬಿತ್ತುತ್ತಿದ್ದಾರೆ. ಅಲ್ಲಿನ ಆರೋಗ್ಯ ಕೇಂದ್ರದ ನರ್ಸಮ್ಮ ಕಷ್ಟದ ಹೆರಿಗೆ ಬಂದಾಗ ಪಟ್ಟಣದ ಡಾಕ್ಟರನ್ನು ಒಂದು ಮಾತು ಕೇಳಲು ಸೈಕಲ್ ಹತ್ತಬೇಕು. ಆಕೆಯೂ ಈ ಡಿಶ್ಶಿಗೇ ಕಾದಿದ್ದಾರೆ.

ಅವರು ಸುಮ್ಮನೆ ಕೂತವರಲ್ಲ. ವಿಜಯನಗರದಲ್ಲಿ ಸೈಬರ್ ಕೆಫೆ ಇಟ್ಟಿರುವ ಬಾಗಲಕೋಟೆಯ ಹುಡುಗ ಶ್ರೀಶೈಲನ ಬಳಿಗೆ ನಾನೇ ಕರೆದುಕೊಂಡು ಹೋದೆ. ಅವನು ಕೆಟ್ಟ ಕಂಪ್ಯೂಟರುಗಳನ್ನೆಲ್ಲ ಅವರ ಮುಂದೆ ಸುರಿದ. ಬಿಚ್ಚಿದರು, ಜೋಡಿಸಿದರು, ಮೇಲ್ ಕಳಿಸುವುದು ಕಲಿತರು, ಗಿರಾಕಿಗಳಿಗೂ ಕಲಿಸಿದರು. ಡಿಶ್ಶಿನ ಮಾತು ಬಂದಾಗ ಶ್ರೀಶೈಲ ನನ್ನನ್ನು ಪಕ್ಕಕ್ಕೆ ಕರೆದ.

“ಯಜಮಾನ್ರ, ನಂದು ವೈರ್ ಬಂದ ಊರಿನ ವಿದ್ಯೆ. ಅಕ್ಕಾರ ಊರಾಗ ವೈರೇ ಇಲ್ಲಂತ. ಆ ಛತ್ರಿ ನಾ ಜನ್ಮದಾಗ ಮುಟ್ಟಿಲ್ರಿ. ಏನಂತ ಕಲಸ್ಲಿ?”

ಆ ಛತ್ರಿ ಈ ಸುತ್ತಮುತ್ತ ಇರುವುದು ನಿಮ್ಮ ಕಟ್ಟಡದ ತಾರಸಿಯ ಮೇಲೆ ಮಾತ್ರ. ಪ್ಲಾಸ್ಟಿಕ್ ಸುತ್ತಿ, ಹಗ್ಗ ಬಿಗಿದು ನಿಲ್ಲಿಸಿದ್ದೀರಿ. ನಮ್ಮ ಮಹಡಿಯಿಂದ ನೇರವಾಗಿ ಕಾಣುತ್ತದೆ. ನೀಲಗಂಗಮ್ಮ ನವರಾತ್ರಿಯಲ್ಲಿ ಒಂದು ದಿನ ನನ್ನ ಮೇಲೆ ರೇಗಿದಳು: “ಏನ್ರೀ, ಊರಿಗೆಲ್ಲ ಭಾಷಣ ಬಿಗೀತೀರಾ! ಮುತ್ತಮ್ಮ ದಿನಾ ಬಟ್ಟೆ ಒಣಗ್ಹಾಕೋ ನೆಪದಲ್ಲಿ ಅದ್ನೇ ನೋಡ್ಕೊಂಡು ನಿಂತಿರ್ತಾಳೆ. ಒಂದೇ ಟವೆಲ್ಲು, ಎಷ್ಟೊತ್ತು ಹಿಂಡ್ತಾಳೆ ಪಾಪ! ಹೋಗಿ ಕೇಳ್ರೀ.”

ಕೇಳಿದೆವು. ಆಯುಧಪೂಜೆಯ ದಿನ ನೀವು ಬಾಗಿಲು ತೆಗೆಸಿದಿರಲ್ಲ, ಅವತ್ತೇ ಬಂದೆವು. ಕಂಪ್ಯೂಟರುಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವು. ಹೊಸ್ತಿಲಲ್ಲಿ ಬೂದುಗುಂಬಳ ಒಡೆಯಿತು. ಕೈಗೆ ಕಡ್ಲೆಪುರಿ ಬಂತು. ಮುತಿಂತಾ ತಮ್ಮ ಮೆಲುದನಿಯ ಇಂಗ್ಲಿಷಿನಲ್ಲಿ, ದೇವರಿಗೆ ಒಪ್ಪಿಸಿಯಾಯಿತಲ್ಲ, ಇನ್ನು ಮುಟ್ಟಬಹುದೇ ಎಂದು ಕೇಳಿದರು. ನಿಮ್ಮ ಸೂಪರಿಂಟೆಂಡೆಂಟ್ ನಾಗಭೂಷಣ್ ನಕ್ಕರು.

“ಪೂಜೆ ಬೇರೆ, ಉದ್ಘಾಟನೆ ಬೇರೆ ಮೇಡಂ,” ಎಂದವರು ನನ್ನ ಕಡೆ ತಿರುಗಿ ಕನ್ನಡಕ್ಕೆ ಇಳಿದರು. “ಯಾಕ್ ಸಾರ್ ಇಷ್ಟು ತಲೆ ಕೆಡಿಸ್ಕೊಳ್ತೀರಾ? ಸರ್ಟಿಫಿಕೇಟ್ ಹೆಂಗೂ ಕೊಡ್ತೀವಿ. ಅವ್ರೂರಲ್ಲಿ ಕರೆಂಟೇ ಇರಲ್ವಂತೆ. ಅವ್ರಿಗೆ ಇಷ್ಟೇ ಸಾಕು ಬಿಡಿ.”

ಹೇಳಿ ಮುಗಿಸುವಷ್ಟರಲ್ಲಿ ನಿಮ್ಮ ಕಟ್ಟಡದ ಕರೆಂಟೇ ಹೋಯಿತು. ನಾನು ನಗಲಿಲ್ಲ, ನಗುವ ಸ್ಥಿತಿಯಲ್ಲಿರಲಿಲ್ಲ. ಕಣ್ಣು ಗೋಡೆಯ ಮೇಲಿನ ಬೋರ್ಡಿಗೆ ಅಂಟಿಕೊಂಡಿತ್ತು: ‘ಯಂತ್ರಗಳನ್ನು ಮುಟ್ಟಬಾರದು.’ ನಿರ್ದೇಶಕರೇ, ಈ ಮಾತು ನಮಗೆ ಹೊಸದಲ್ಲ. ನಮ್ಮಪ್ಪ ಇದನ್ನು ಊರಬಾವಿಯ ಕಟ್ಟೆಯ ಮೇಲೆ ಕೇಳಿದ, ನಾನು ಹೋಟೆಲಿನ ಲೋಟದ ಮುಂದೆ ಕೇಳಿದೆ. ‘ಅವರಿಗೆ ಇಷ್ಟೇ ಸಾಕು’ ಎಂಬುದನ್ನೂ ಕೇಳಿದ್ದೇವೆ. ಶಾಲೆಯ ಹೊರಗೆ ಕೂತು ಪಾಠ ಕೇಳಿಸಿಕೊಂಡವರಿಗೆ ಅಷ್ಟೇ ಸಾಕಾಗಿತ್ತು ಅಂದಿನ ಯಜಮಾನರ ಲೆಕ್ಕದಲ್ಲಿ. ಸಮುದ್ರ ದಾಟಿ ಬಂದ ಮೇಡಮ್ಮಿಗೆ ನಾವು ಉಣಬಡಿಸುವುದು ಇದನ್ನೇ? ಕುಂಕುಮ ಮುಟ್ಟಬಹುದಾದ ಕೀಬೋರ್ಡನ್ನು ಕಲಿಯಲು ಬಂದವರ ಬೆರಳು ಮುಟ್ಟಬಾರದೇ?

ಮುತಿಂತಾ ಕಲಿತ ಮೊದಲ ಕನ್ನಡ ನಿಮ್ಮ ಕಚೇರಿಯದೇ: ‘ನಾಳೆ ಬನ್ನಿ.’ ಹಿಂದೊಮ್ಮೆ ಈ ಊರಿನ ಜನ ದೆವ್ವ ಬರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ನೀವು ಅದನ್ನು ಶಾಲೆಯ ಮೇಡಮ್ಮಿಗೆ ಹೇಳುತ್ತಿದ್ದೀರಿ.

ಈಗ ನಾಳೆಗಳು ಮುಗಿಯುತ್ತಿವೆ. ತಿಂಗಳ ಕೊನೆಗೆ ಅವರ ವಿಮಾನ. ನಿನ್ನೆ ಊಟದ ಮುಂದೆ ಕೂತು ಅವರು ನನ್ನನ್ನು ಕೇಳಿದರು: ಊರಿನವರು ಲಾರಿ ನಿಲ್ಲುವ ಜಾಗಕ್ಕೇ ಬಂದು ಕಾಯುತ್ತಿರುತ್ತಾರೆ, ನಾನು ಇಳಿದು ಏನು ಹೇಳಲಿ? ಬಿನ್ನಿಪೇಟೆಯ ಮಿಲ್ಲು ಮುಚ್ಚಿದಾಗ ಗೇಟಿನ ಮುಂದೆ ಸಾವಿರ ಜನಕ್ಕೆ ಮಾತು ಹೇಳಿದವನು ನಾನು. ಈ ಪ್ರಶ್ನೆಯನ್ನು ಮಾತ್ರ ನಿಮಗೇ ದಾಟಿಸುತ್ತಿದ್ದೇನೆ. ಉತ್ತರ ನಿಮಗೆ ಹೊಳೆದರೆ ಹೇಳಿ. ಆಕೆ ಬರಿಗೈಯಲ್ಲಿ ಇಳಿದರೆ ಅಲ್ಲಿ ಇನ್ನೊಮ್ಮೆ ಯಾರನ್ನೂ ಕಳಿಸುವುದಿಲ್ಲ. ಪೆಟ್ಟಿಗೆಗಳು ಪಟ್ಟಣಕ್ಕೆ ಹೋಗುತ್ತವೆ, ನರ್ಸಮ್ಮ ಸೈಕಲ್ ಹತ್ತುತ್ತಾರೆ.

ನಮ್ಮ ಬೇಡಿಕೆ ಸಣ್ಣದು. ಉದ್ಘಾಟನೆಯನ್ನು ಮುಂದಿನ ಸರ್ಕಾರಕ್ಕೆ, ಅದರ ಮುಂದಿನ ಸರ್ಕಾರಕ್ಕೆ ಇಟ್ಟುಕೊಳ್ಳಿ, ಅಡ್ಡಿಯಿಲ್ಲ. ಕಲ್ಲಿನ ಮೇಲೆ ಯಾರ ಹೆಸರನ್ನಾದರೂ ಕೆತ್ತಿಸಿ. ಹಿಂಬಾಗಿಲನ್ನಾದರೂ ತೆಗೆದು, ತಾರಸಿಯ ಮೆಟ್ಟಿಲು ಬಿಟ್ಟುಕೊಡಿ. ಡಿಶ್ ಕೂರಿಸಬಲ್ಲ ನಿಮ್ಮ ಎಂಜಿನಿಯರನ್ನು ಅಲ್ಲಿ ನಿಲ್ಲಿಸಿ. ಈ ಶಿಕ್ಷಕರು ತಮ್ಮ ಕೈಯಾರೆ ಅದನ್ನು ಬಿಚ್ಚಲಿ, ಕಟ್ಟಲಿ, ಆಕಾಶಕ್ಕೆ ತಿರುಗಿಸಲಿ. ತಪ್ಪಲಿ, ಮತ್ತೆ ತಿರುಗಿಸಲಿ. ಕೈಯೊಡ್ಡಿ ಕೇಳುವುದನ್ನು ನಮ್ಮ ದಲಿತ ಚಳವಳಿ ನಮಗೆ ಕಲಿಸಲಿಲ್ಲ. ಇವತ್ತು ಕೇಳುತ್ತಿದ್ದೇನೆ.

ಇಂತಿ,
ಧಿಕ್ಕಾರ ಕೂಗಿ ಗಂಟಲು ಕಟ್ಟಿ, ಕೊನೆಗೆ ಕಾಗದ ಬರೆಯಲು ಕೂತ
ಬೆಟ್ಟಯ್ಯ
ಹಿಂದೆ ಬಿನ್ನಿಪೇಟೆಯ ಮಿಲ್ ಕಾರ್ಮಿಕ, ಈಗ ನಿಮ್ಮ ನೆರೆಯವನು, ಕೆಂಗೇರಿ ಉಪನಗರ

ನಮ್ಮ ಚಳವಳಿಯ ಮುಂದಿನ ಸಭೆ ನವೆಂಬರ್ ಹನ್ನೆರಡು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಿಮ್ಮ ಕೇಂದ್ರದ ತಾರಸಿಯ ಮೇಲೆ. ಮೆಟ್ಟಿಲಿಗೆ ಬೀಗವಿದ್ದರೆ, ಅದೇ ಗಂಟೆಗೆ, ಮೆಟ್ಟಿಲ ಬುಡದಲ್ಲಿ.